ನೀಲಿ ಗಡಿಗೆಯ ಕೊರಳ ದಾರ

ನಮ್ಮ ತವರಿನ ದೇವರ ಮೂಲೆಯಲ್ಲಿ ಒಂದು ಪಿಂಗಾಣಿ ಹೂದಾನಿ ಇದೆ. ಹೂದಾನಿ ಎನ್ನುತ್ತಿರುವುದು ನಿಮಗಾಗಿ. ನಮ್ಮ ಮನೆಯಲ್ಲಿ ಅದರ ಬಾಯಿಗೆ ಯಾರೂ ಒಂದು ಹೂವನ್ನೂ ಸಿಕ್ಕಿಸಿದ್ದಿಲ್ಲ. ನಾವು ಅದನ್ನು ನೀಲಿ ಗಡಿಗೆ ಎನ್ನುತ್ತೇವೆ. ಒಂದು ಮೊಳ ಎತ್ತರ, ತುಂಬು ಹೊಟ್ಟೆ, ಸಣ್ಣ ಕೊರಳು. ಬಿಳಿಯ ಮೇಲೆ ನೀಲಿ ಚಿತ್ರ: ಗುಂಡುಬಂಡೆಗಳ ಒಂದು ಗುಡ್ಡ, ಅದರ ನೆತ್ತಿಯಲ್ಲಿ ಮಂಟಪ, ಕೆಳಗೆ ಕಮಾನಿನ ಸೇತುವೆ, ಸೇತುವೆಯ ಮೇಲೆ ಕೋಲು ಹಿಡಿದ ಒಬ್ಬ ಮುದುಕ, ಅವನ ಹಿಂದೆ ಕೊಂಬಿರುವ ಒಂದು ಪ್ರಾಣಿ. ಚೀನಾ ದೇಶದಲ್ಲಿ ಯಾರೋ ಕೂತು ಬರೆದದ್ದು. ಆದರೆ ದುರ್ಗದ ಬೆಟ್ಟ ನೋಡಿಕೊಂಡು ಬೆಳೆದವರಿಗೆ ಗುಂಡುಬಂಡೆ ಕಂಡರೆ ಬೇರೆ ಊರು ನೆನಪಾಗುವುದಾದರೂ ಹೇಗೆ? ನನ್ನ ಅಜ್ಜಿಯ ಪ್ರಕಾರ ಅದು ಚಿತ್ರದುರ್ಗ, ಮುದುಕ ನಮ್ಮ ವಂಶದ ಹಿರಿಯ, ಹಿಂದಿರುವುದು ಟಗರು.

"ಟಗರಿಗೆ ಅಷ್ಟುದ್ದ ಕಾಲು ಎಲ್ಲೈತಜ್ಜಿ?" ಎಂದು ಒಮ್ಮೆ ಕೇಳಿದ್ದೆ.

"ನಡೆದು ನಡೆದು ಉದ್ದ ಆಗ್ಯಾವೆ. ನೀನೂ ಕುರಿ ಹಿಂದೆ ಹೋಗು, ಗೊತ್ತಾಗ್ತತೆ" ಎಂದಿದ್ದಳು.

ನಮ್ಮದು ಹೊಳಲ್ಕೆರೆ ತಾಲ್ಲೂಕು, ತಾಳ್ಯದ ಕಡೆಯ ಹಳ್ಳಿ. ಕುರಿ, ಕಂಬಳಿ, ಒಂದಷ್ಟು ಹೊಲ. ಯಾವ ಕಾಲದಲ್ಲೋ ನಮ್ಮವನೊಬ್ಬ ದುರ್ಗದ ಪೇಟೆಯ ಮುಸಲ್ಮಾನ ವರ್ತಕನಿಗೆ ಕಂಬಳಿ ಕೊಟ್ಟು ಬದಲಿಗೆ ಇದನ್ನು ತಂದನಂತೆ. ಯಾಕೆ ತಂದ ಎಂದು ಕೇಳಲು ಅವನಿಲ್ಲ. ಏನಕ್ಕೆ ಬರುತ್ತದೆಂದು ಗೊತ್ತಾಗದ ವಸ್ತುವನ್ನು ನಮ್ಮ ಜನ ಒಂದೋ ಅಟ್ಟಕ್ಕೆ ಹಾಕುತ್ತಾರೆ, ಇಲ್ಲ ದೇವರ ಮೂಲೆಗೆ. ಅಟ್ಟದಲ್ಲಿ ಜಾಗವಿರಲಿಲ್ಲವೇನೋ, ಇದು ದೇವರ ಪಾಲಾಯಿತು. ದೇವರ ಪಾಲಾದ ಮೇಲೆ ಅದಕ್ಕೊಂದು ಕೆಲಸ ಬೇಕಲ್ಲ? ಮದುವೆಗೆ ಗಂಗೆ ತರುವ ಕೆಲಸ ಬಂತು. ಮನೆಯ ಮದುವೆಯ ಹಿಂದಿನ ದಿನ ಬೆಳಿಗ್ಗೆ ಮನೆಯ ಹೆಂಗಸೊಬ್ಬಳು ಅದರಲ್ಲಿ ನೀರು ತುಂಬಿ, ಸೊಂಟದ ಮೇಲಿಟ್ಟುಕೊಂಡು ತರಬೇಕು. ಆ ನೀರು ಮದುವೆಯಾಗುವವರ ಮೈಮೇಲೆ ಬಿದ್ದ ಮೇಲೆಯೇ ಅರಿಶಿನ.

ಇನ್ನೊಂದು ಕಟ್ಟಳೆ ಇತ್ತು. ಗಡಿಗೆಯ ಕೊರಳಿಗೆ, ಹೆಗಲು ಮುಚ್ಚುವಷ್ಟು, ಕರಿ ಉಣ್ಣೆಯ ದಾರ ಸುತ್ತಿರುತ್ತಿದ್ದರು. ಪ್ರತಿ ಮದುವೆಗೂ ಹೊಸ ದಾರ, ಹಳೆಯದರ ಮೇಲೆಯೇ. ಹಳೆಯದನ್ನು ಬಿಚ್ಚುವ ಹಾಗಿಲ್ಲ. ಯಾಕೆ ಎಂದರೆ ಅಜ್ಜಿ, "ಬಿಚ್ಚಬಾರ್ದು ಅಂದ್ರೆ ಬಿಚ್ಚಬಾರ್ದು" ಎನ್ನುವಳು. ತುಪ್ಪ, ಅರಿಶಿನ, ದೀಪದ ಮಸಿ ಎಲ್ಲ ಕುಡಿದು ಆ ದಾರ ನನ್ನ ಕಾಲಕ್ಕೆ ಕುರಿಯ ಹಿಂಗಾಲಿಗೆ ಮೆತ್ತಿದ ಹಿಕ್ಕೆಯ ಹಾಗೆ ಗಟ್ಟಿಯಾಗಿತ್ತು. ದೇವರ ವಸ್ತುವಿಗೆ ಇಂಥ ಹೋಲಿಕೆ ಕೊಡಬಾರದು, ನಿಜ. ಆದರೆ ಕಂಡದ್ದು ಹಾಗೆಯೇ.

ನಮ್ಮ ಅವ್ವ ನಾನು ಚಿಕ್ಕವಳಿದ್ದಾಗಲೇ ಹೋದಳು. ನನ್ನನ್ನೂ ತಮ್ಮನನ್ನೂ ಸಾಕಿದ್ದು ಅತ್ತೆ, ಅಪ್ಪನ ತಂಗಿ. ಅವಳನ್ನು ತುರುವನೂರಿನ ಕಡೆ ಕೊಟ್ಟಿದ್ದರು. ಮದುವೆಯಾಗಿ ಎರಡು ವರ್ಷಕ್ಕೆ ಗಂಡ ತೀರಿಕೊಂಡು, ಹತ್ತೊಂಬತ್ತಕ್ಕೆ ತವರಿಗೆ ವಾಪಸು ಬಂದವಳು ಮತ್ತೆ ಎಲ್ಲಿಗೂ ಹೋಗಲಿಲ್ಲ. ಮನೆಯ ತುಂಬಾ ಕೆಲಸ ಮಾಡುವಳು. ಆದರೆ ಆರತಿ ಎತ್ತುವಾಗ, ಬಳೆ ತೊಡಿಸುವಾಗ ತಾನಾಗಿಯೇ ಕೊಟ್ಟಿಗೆಯ ಕಡೆಗೆ ಸರಿದುಬಿಡುವಳು. ಯಾರೂ ಹೋಗು ಎನ್ನಬೇಕಿರಲಿಲ್ಲ. ನನಗೆ ಅದನ್ನು ನೋಡಿದಾಗಲೆಲ್ಲ ಮೈ ಉರಿಯುತ್ತಿತ್ತು. ಉರಿದು ಏನು ಮಾಡಿದೆ ಎಂದರೆ, ಏನೂ ಮಾಡಲಿಲ್ಲ.

ಮಾಡಿದ್ದು ಅಜ್ಜಿ. ನನ್ನ ಮದುವೆಯ ಹಿಂದಿನ ಬೆಳಿಗ್ಗೆ ಅವಳು ನೀಲಿ ಗಡಿಗೆಯನ್ನು ಎತ್ತಿ ತಂದು, ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ ಅತ್ತೆಯ ಕೈಗಿಟ್ಟಳು. "ನನ್ನ ಕೈ ನಡುಗ್ತಾವೆ. ನೀನು ತಗಂಡು ಬಾ" ಎಂದಳು.

ಅಂಗಳದಲ್ಲಿದ್ದವರೆಲ್ಲ ಕೆಲಸ ಬಿಟ್ಟು ತಿರುಗಿ ನೋಡಿದರು. ಬಾಯಿ ತೆರೆದವಳು ನಮ್ಮ ದೊಡ್ಡಮ್ಮ, ದೊಡ್ಡಪ್ಪನ ಹೆಂಡತಿ. ಭರಮಸಾಗರದ ಹೆಣ್ಣು, ಅಷ್ಟು ದೊಡ್ಡ ಕೆರೆಯ ಪಕ್ಕ ಹುಟ್ಟಿದ್ದರಿಂದಲೋ ಏನೋ, ನೀರಿನ ಶಾಸ್ತ್ರವೆಲ್ಲ ತನಗೇ ಗೊತ್ತು ಎನ್ನುವ ಧಾಟಿ. ಕೆಟ್ಟವಳಲ್ಲ. ನಮಗೆ ಜ್ವರ ಬಂದರೆ ಕೂತು ಬೆಳಗು ಮಾಡಿದವಳು. ಶಾಸ್ತ್ರ ತಪ್ಪಿದರೆ ಮಕ್ಕಳಿಗೆ ಏನಾದರೂ ಆದೀತು ಎಂಬ ಹೆದರಿಕೆಯವಳು, ಅಷ್ಟೇ. "ಅತ್ತೆ, ಅದು ಹೆಂಗಾಗ್ತತೆ? ಅವಳು..." ಎಂದು ಅಜ್ಜಿಗೆ ಹೇಳಹೋಗಿ ಅರ್ಧಕ್ಕೆ ನಿಲ್ಲಿಸಿದಳು.

"ಅವಳು ಈ ಮನೆ ಮಗಳು" ಎಂದಳು ಅಜ್ಜಿ. "ಗಂಡ ಸತ್ರೆ ಮಗಳಲ್ಲ ಅಂತ ಆಗ್ತತೇನು?"

ಅಂದು ಅತ್ತೆ ಬಾವಿಯಿಂದ ನೀರು ತಂದು ನನ್ನ ತಲೆಗೆ ಹಾಕಿದಳು. ಅವಳ ಸೀರೆಯ ಎಡಮಗ್ಗುಲು ಸೊಂಟದಿಂದ ಕೆಳಗೆ ಪೂರ್ತಿ ಒದ್ದೆಯಾಗಿತ್ತು. ಆಮೇಲೆ ಆ ಮನೆಯ ಎಲ್ಲ ಮದುವೆಗೂ ನೀರು ತಂದವಳು ಅವಳೇ, ಪ್ರತಿ ಸಲವೂ ಆ ಮಗ್ಗುಲು ಒದ್ದೆ. "ತುಂಬಿದ ಕೊಡ ತುಳುಕಲ್ಲ ಅಂತಾರೆ, ನಿನ್ನ ಕೊಡ ತುಂಬಿಲ್ಲ ಬಿಡತ್ತೆ" ಎಂದು ನಾವು ರೇಗಿಸುವುದು, ಅವಳು ನಗುವುದು. ವರ್ಷದಲ್ಲಿ ಆ ಒಂದು ಬೆಳಿಗ್ಗೆ ಮಾತ್ರ ಅವಳು ಎಲ್ಲರ ಮುಂದೆ ನಡೆಯುತ್ತಿದ್ದಳು. ಮದುವೆಯಿಲ್ಲದ ವರ್ಷ ಅದೂ ಇಲ್ಲ. ಅಜ್ಜಿ ಹೋದ ಮೇಲೆ ದೊಡ್ಡಮ್ಮ ಪ್ರತಿ ಮದುವೆಯಲ್ಲೂ ಗೊಣಗುವಳು, ಆದರೆ ಅತ್ತೆಗೆ ಅಜ್ಜಿ ಕೊಟ್ಟದ್ದನ್ನು ಕಿತ್ತುಕೊಳ್ಳುವ ಧೈರ್ಯ ಮಾಡಲಿಲ್ಲ.

ಎರಡು ವರ್ಷದ ಹಿಂದೆ ತಮ್ಮನ ಮಗಳಿಗೆ ಹಿರಿಯೂರಿನ ಸಂಬಂಧ ಕುದುರಿತು. ಪೇಟೆಯ ಬೀಗರು. ಫೋಟೋದವರು ಹಿಂದಿನ ದಿನವೇ ಬರುತ್ತಾರೆ, ಗಂಗೆ ತರುವುದನ್ನೂ ವಿಡಿಯೋ ಮಾಡುತ್ತಾರೆ ಎಂದು ಹುಡುಗಿ ಹೇಳಿದಳು. ನಾನು ಹೊಸದುರ್ಗದಲ್ಲಿ ಮೇಷ್ಟ್ರ ಕೆಲಸ ಮಾಡಿ ನಿವೃತ್ತಳಾದವಳು. ಎಲ್ಲಿ ಕೊಳೆ ಕಂಡರೂ ನನಗೆ ಅದು ನನ್ನನ್ನೇ ಅಣಕಿಸಿದ ಹಾಗೆ. ಮದುವೆಗೆ ವಾರವಿದೆ ಎನ್ನುವಾಗ ತವರಿಗೆ ಹೋದೆ. ಅತ್ತೆಯ ಕಣ್ಣು ತೋರಿಸಲು ಅವಳನ್ನು ತಮ್ಮ ಹೊಳಲ್ಕೆರೆಗೆ ಕರೆದುಕೊಂಡು ಹೋಗಿದ್ದ. ದೇವರ ಮೂಲೆಯಲ್ಲಿ ಗಡಿಗೆ ಕಂಡಿತು. ಮಸಿ ಹಿಡಿದ ಆ ದಾರ, ಆ ಜಿಡ್ಡು. ಹಿರಿಯೂರಿನವರು ಇದನ್ನು ವಿಡಿಯೋದಲ್ಲಿ ನೋಡುವುದೇ?

ನಮ್ಮ ಮನೆಯಲ್ಲಿ ಜಿಡ್ಡು ತೆಗೆಯುವುದಕ್ಕೆ ಗೊತ್ತಿರುವುದು ಒಂದೇ ವಿಧಾನ, ಉಣ್ಣೆ ತೊಳೆಯುವ ವಿಧಾನ. ಕುರಿಯ ತುಪ್ಪಳವನ್ನು ಅಂಟುವಾಳ ಕುದಿಸಿದ ನೀರಿಗೆ ಹಾಕಿದರೆ ಎಂಥ ಎಣ್ಣೆಯೂ ಬಿಡುತ್ತದೆ. ದಾರವೂ ಉಣ್ಣೆಯೇ ತಾನೇ? ಹಂಡೆಯ ನೀರಿಗೆ ಅಂಟುವಾಳ ಹಾಕಿ, ಕೊತಕೊತ ಕುದಿಯುತ್ತಿದ್ದ ಹಾಗೆಯೇ ಗಡಿಗೆಯ ಮೇಲೆ ಸುರಿದೆ. ಬುದ್ಧಿವಂತಿಕೆ ಎಂದುಕೊಂಡೇ ಮಾಡಿದ್ದು. ನೀರು ಕಪ್ಪಾಗಿ ಇಳಿಯಿತು. ಗುಡ್ಡದ ನೀಲಿ, ನನ್ನ ಜೀವಮಾನದಲ್ಲಿ ಕಂಡಿರದಷ್ಟು ಚೆಲುವಾಗಿ ಎದ್ದು ಬಂತು. ಸದಾ ಗೋಡೆಗೆ ತಿರುಗಿ ಮಸಿ ಹಿಡಿದಿದ್ದ ಬೆನ್ನಿನ ಕಡೆ ಒಂದು ದೋಣಿ, ಎರಡು ಹಕ್ಕಿ ಇದ್ದವು. ಅವು ಅಲ್ಲಿವೆ ಎಂದೇ ನಮಗೆ ಗೊತ್ತಿರಲಿಲ್ಲ. ಖುಷಿಯಿಂದ ಗಡಿಗೆ ಎತ್ತಿ ಕೊರಳು ಹಿಡಿದೆ. ದಾರದ ಒಳಗೆ ಏನೋ ಕಟಕ್ ಎಂದಿತು. ಒಂದು ಚೂರು ನನ್ನ ಬೆರಳ ಕೆಳಗೆ ಅಲುಗಾಡಿತು. ಸುತ್ತಿನ ಅಡಿಯಿಂದ ನೀರು ಜಿನುಗಿ ಮೊಣಕೈಗೆ ಇಳಿಯಿತು.

ಗಡಿಗೆಯನ್ನು ಮಡಿಲಲ್ಲಿಟ್ಟುಕೊಂಡು ಬಚ್ಚಲಲ್ಲೇ ಕೂತೆ. ಒಡೆದ ದೇವರ ವಸ್ತುವಿಗೆ ನಮ್ಮಲ್ಲಿ ಭಿನ್ನವಾದದ್ದು ಎನ್ನುತ್ತಾರೆ, ಅದನ್ನು ಪೂಜೆಗೆ ಇಡುವಂತಿಲ್ಲ. ಮೂಗಿನ ತುದಿ ಮುಕ್ಕಾದ ಒಂದು ಮಣ್ಣಿನ ಬಸವನನ್ನು ದೊಡ್ಡಮ್ಮ ತಾನೇ ಹೊತ್ತುಕೊಂಡು ಹೋಗಿ ಕೆರೆಗೆ ಬಿಟ್ಟು ಬಂದದ್ದು ನಾನು ಕಣ್ಣಾರೆ ಕಂಡಿದ್ದೆ. ಗಡಿಗೆ ಹೋದರೆ ಹೋಗಲಿ. ಆದರೆ ಯಾರ ಕೈಯಲ್ಲಿ ಒಡೆಯಿತು ಎಂದು ಯಾರು ಕೇಳುತ್ತಾರೆ? ಯಾರ ಕೈ ಸೋಕಿ ಒಡೆಯಿತು ಎಂದು ಕೇಳುತ್ತಾರೆ. ನಾನು ಬಿಸಿನೀರು ಸುರಿದೆ ಎಂದು ಊರೆಲ್ಲ ಡಂಗುರ ಹೊಡೆದರೂ, ವಿಧವೆಯ ಕೈಗೆ ಕೊಟ್ಟಿದ್ದಕ್ಕೇ ಹೀಗಾಯಿತು ಎನ್ನುತ್ತಾರೆ. ಅತ್ತೆಯ ಆ ಒಂದು ಬೆಳಿಗ್ಗೆಯನ್ನು ನಾನೇ ಬಚ್ಚಲಿಗೆ ಸುರಿದುಬಿಟ್ಟಿದ್ದೆ.

ಗಡಿಗೆಯನ್ನು ಹಳೇ ಸೀರೆಯಲ್ಲಿ ಸುತ್ತಿ, ಚೀಲಕ್ಕೆ ಹಾಕಿ, ಮದುವೆಯ ಬಳೆ ತರುತ್ತೇನೆಂದು ಸುಳ್ಳು ಹೇಳಿ ಚಿತ್ರದುರ್ಗದ ಬಸ್ಸು ಹತ್ತಿದೆ. ಒಡೆದ ಪಿಂಗಾಣಿ ಯಾರು ಸರಿಮಾಡುತ್ತಾರೆ ಎಂದು ಬಳೆ ಅಂಗಡಿಯವನನ್ನು ಕೇಳಿದಾಗ ಅವನು ಕೋಟೆಯ ಕೆಳಗಿನ ಹಳೇ ಪೇಟೆಯ ಒಂದು ಓಣಿ ತೋರಿಸಿದ. ಅಲ್ಲಿ ಒಬ್ಬ ಮುದುಕರು ಸ್ಟೌ, ಕೊಡೆ, ಬೀಗ ರಿಪೇರಿ ಮಾಡುತ್ತಿದ್ದರು. ಬಿಳಿ ಟೋಪಿ, ದಪ್ಪ ಕನ್ನಡಕ.

"ಬರ್ರಿ ಅಮ್ಮಾ, ಕುಂತ್ಕಳ್ರಿ" ಎಂದರು. ಗಡಿಗೆ ನೋಡಿದ ಕೂಡಲೇ ಕೈಯಲ್ಲಿದ್ದ ಸ್ಟೌ ಪಕ್ಕಕ್ಕಿಟ್ಟರು. "ದಾರ ಕತ್ತರಿಸಬೇಕಾಗ್ತತೆ. ಅಡ್ಡಿಯಿಲ್ಲವಾ?"

ಕತ್ತರಿಸಿ ಎಂದೆ. ಬಿಚ್ಚಬಾರದು ಎಂದಿದ್ದ ಅಜ್ಜಿಯ ಮುಖ ಕಣ್ಣೆದುರು ಬಂತು. ಅವರು ಬ್ಲೇಡಿನಿಂದ ಪದರ ಪದರವಾಗಿ ಕುಯ್ದರು. ಎಷ್ಟು ಮದುವೆಯ ದಾರವೋ, ಒಳಗಿನದು ಪುಡಿಪುಡಿಯಾಗಿ ಉದುರಿತು. ಕೊನೆಗೆ ಹೆಗಲು ಬಯಲಾಯಿತು. ಅಂಗೈ ಅಗಲದ ಒಂದು ಚೂರು ಸಡಿಲವಾಗಿ ಅಲ್ಲಾಡುತ್ತಿತ್ತು. ಅದನ್ನು ಹಿಡಿದುಕೊಂಡಿದ್ದವು ಮೂರು ಹಿತ್ತಾಳೆಯ ಮುಳ್ಳುಗಳು, ಬಿರುಕಿನ ಈ ಕಡೆಯಿಂದ ಆ ಕಡೆಗೆ ಹೊಲಿಗೆ ಹಾಕಿದ ಹಾಗೆ.

ಮುದುಕರು ಉಗುರಿನಿಂದ ಬಿರುಕು ಕೆರೆದು ಮೂಸಿದರು. "ಅರಗು" ಎಂದರು. "ಇದು ಪುರಾನಾ ಕೆಲಸ ಅಮ್ಮಾ. ಪಿಂಗಾಣಿಗೆ ಹೊಲಿಗೆ ಹಾಕಿ ಸಂದಿಗೆ ಅರಗು ತುಂಬ್ತಿದ್ರು. ನಮ್ಮ ಅಜ್ಜ ಮಾಡ್ತಿದ್ರು. ನೀವು ಬಿಸಿನೀರು ಹಾಕಿದ್ರಿ, ಅರಗು ಕರಗೋಯ್ತು. ಒಡೆದಿದ್ದು ಇವತ್ತಲ್ಲ. ನೀವು ಹುಟ್ಟಾಕೆ ಮೊದ್ಲೇ ಒಡೆದೈತೆ."

ನನಗೆ ಮೊದಲು ಬಂದದ್ದು ಸಮಾಧಾನ. ಅದರ ಹಿಂದೆಯೇ ಸಿಟ್ಟು. ಅಂದರೆ ಮೂರು ತಲೆಮಾರು ನಾವೆಲ್ಲ ಭಿನ್ನವಾದ ಗಡಿಗೆಯ ನೀರು ಹಾಕಿಸಿಕೊಂಡೇ ಮದುವೆಯಾದವರು! ಮುದುಕರು ತಮಗೆ ಹೊಲಿಗೆ ಬರುವುದಿಲ್ಲ, ಅಜ್ಜನ ಜೊತೆಗೇ ಆ ಕೈ ಹೋಯಿತು ಎಂದರು. ಮುಳ್ಳುಗಳನ್ನು ತೆಗೆಯದೆ, ಎರಡು ಟ್ಯೂಬಿನ ಗೋಂದು ಕಲಸಿ ಸಂದಿಗೆ ತುಂಬಿ, ಸಂಜೆಯವರೆಗೆ ಅಲುಗಾಡಿಸದೆ ಇಡಬೇಕೆಂದರು. ನಾನು ಆ ಬೆಂಚಿನ ಮೇಲೆಯೇ ಕೂತೆ. ಎದುರಿಗೆ ಬೆಟ್ಟದ ಗುಂಡುಬಂಡೆ, ಪಕ್ಕದಲ್ಲಿ ಗಡಿಗೆಯ ಗುಂಡುಬಂಡೆ. ಅಜ್ಜಿ ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ.

ಮನೆಗೆ ಬಂದು ಅತ್ತೆಯನ್ನು ಹಿತ್ತಲಿಗೆ ಕರೆದು ಗಡಿಗೆಯನ್ನು ತೋರಿಸಿದೆ. ಅಳು, ಬೈಗುಳ, ಏನಾದರೂ ಬಂದೀತೆಂದು ಕಾದೆ. ಅವಳು ಹಿತ್ತಾಳೆಯ ಮುಳ್ಳುಗಳ ಮೇಲೆ ಬೆರಳಾಡಿಸಿ, "ಇವನ್ನ ನಾನೂ ನೋಡಿರ್ಲಿಲ್ಲ. ಬರೀ ಕೇಳಿದ್ದೆ" ಎಂದಳು.

"ನಿಂಗೆ ಗೊತ್ತಿತ್ತಾ?"

"ಅವ್ವ ಹೇಳಿದ್ಲು, ನಿಮ್ಮಜ್ಜಿ."

ಅವಳು ಹೇಳಿದ್ದು ಇಷ್ಟು. ಅಜ್ಜಿ ಮದುವೆಯಾಗಿ ಈ ಮನೆಗೆ ಬಂದ ಹೊಸತರಲ್ಲಿ ದೇವರ ಮೂಲೆ ಸಾರಿಸುವಾಗ ಗಡಿಗೆ ಉರುಳಿ ಅವಳ ಕೈಯಲ್ಲೇ ಒಡೆಯಿತು. ಗಂಗೆಯ ಗಡಿಗೆ ಒಡೆದ ಹೊಸ ಸೊಸೆಯನ್ನು ಅಪಶಕುನ ಎಂದು ತವರಿಗೆ ಅಟ್ಟುವ ಕಾಲ. ಅಜ್ಜಿಯ ಅತ್ತೆ ಸೌದೆ ತಗೊಂಡು ಸೊಸೆಯನ್ನು ಹೊಡೆಯುತ್ತಿದ್ದ ಹೆಂಗಸಂತೆ. ಆದರೆ ಅಂದು ಹೊಡೆಯಲಿಲ್ಲ. ಚೂರನ್ನು ಸೆರಗಿಗೆ ಕಟ್ಟಿಕೊಂಡು, ಗಡಿಗೆಯನ್ನು ಕಂಬಳಿಯ ಗಂಟಿನೊಳಗಿಟ್ಟು, ಕಂಬಳಿ ಮಾರುವ ನೆಪದಲ್ಲಿ ದುರ್ಗಕ್ಕೆ ನಡೆದು ಹೋಗಿ ಹೊಲಿಸಿಕೊಂಡು ಬಂದಳು. ಬಂದು ಕರಿ ದಾರ ಸುತ್ತಿ, ಬಿಚ್ಚಬಾರದು ಎಂಬ ಕಟ್ಟಳೆ ಮಾಡಿದಳು. ಅಷ್ಟೇ. ಆ ಕಟ್ಟಳೆಯ ಹಿಂದೆ ಯಾವ ದೇವರೂ ಇರಲಿಲ್ಲ, ಹದಿನಾರು ವರ್ಷದ ಒಂದು ಹುಡುಗಿ ಇದ್ದಳು.

"ನನ್ನ ಕೈಗೆ ಕೊಟ್ಟ ದಿನ ಅವ್ವ ಕಿವಿಯಾಗೆ ಹೇಳಿದ್ಲು. ನಂಗೆ ಗೊತ್ತು, ನಿಂಗೆ ಗೊತ್ತು, ನೀರಿಗೆ ಗೊತ್ತು. ನಾಕನೇರಿಗೆ ಬ್ಯಾಡ ಅಂತ."

ನೀರಿಗೆ ಗೊತ್ತು ಎಂದಾಗ ನನಗೆ ಅವಳ ಒದ್ದೆ ಮಗ್ಗುಲು ನೆನಪಾಯಿತು. ಇಷ್ಟು ವರ್ಷ ಅದು ತುಳುಕಿದ್ದಲ್ಲ, ಸೋರಿದ್ದು. ನಾವು ಅವಳನ್ನು ಅದಕ್ಕೇ ರೇಗಿಸಿದ್ದೆವು, ಅವಳು ನಕ್ಕು ಸುಮ್ಮನಾಗಿದ್ದಳು.

"ನಂಗ್ಯಾಕೆ ಹೇಳಲಿಲ್ಲ?"

"ಹೇಳಬೇಕು ಅಂತಿದ್ದೆ. ನಿನ್ನ ಬಾಯಿ ನಿಲ್ಲಲ್ಲ ಅಂತ ಸುಮ್ನಿದ್ದೆ."

ಅವಳು ಹೇಳಿದ್ದು ತಪ್ಪಲ್ಲ. ನೋಡಿ, ಈಗ ಬರೆಯುತ್ತಿದ್ದೇನೆ. ಅಂದು ರಾತ್ರಿಯೇ ಅವಳು ಹೊಸ ದಾರ ನೂತು, ಮುಳ್ಳು ಮುಚ್ಚುವ ಹಾಗೆ ಬಿಗಿಯಾಗಿ ಸುತ್ತಿದಳು.

ಮದುವೆಯ ಹಿಂದಿನ ಬೆಳಿಗ್ಗೆ ಬಂತು. ಬಾವಿ ಬತ್ತಿ ಕಾಲವಾಗಿದೆ. ಈಗ ಗಂಗೆ ಬರುವುದು ಓಣಿಯ ಕೊನೆಯ ಬೋರ್‌ವೆಲ್ ತೊಟ್ಟಿಯಿಂದ. ಹಿರಿಯೂರಿನ ಬೀಗರು ಕೆಲವರು ಬಂದು ಒಳಗೆ ಕಾಫಿ ಕುಡಿಯುತ್ತಿದ್ದರು. ತೊಟ್ಟಿಯ ಹತ್ತಿರ ನಾವು ಮನೆಯ ಹೆಂಗಸರು, ಕ್ಯಾಮೆರಾ ಹಿಡಿದ ಒಬ್ಬ. ಅತ್ತೆ ಗಡಿಗೆ ಹಿಡಿದು ನಲ್ಲಿಯ ಕಡೆ ಬಗ್ಗಿದಳು. ಆಗ ದೊಡ್ಡಮ್ಮ ನನ್ನ ತೋಳು ಹಿಡಿದು, "ಈ ಸಲ ನೀನು ಹೊತ್ಕ. ಬೀಗರು ಹೊಸಬರು, ನೋಡ್ತಾರೆ. ಮಗು ಬಾಳು ಚೆನ್ನಾಗಿರ್ಲಿ. ಸುಮ್ನೆ ಯಾಕೆ ಮಾತು?" ಎಂದಳು.

ವಿಧವೆ ಎಂಬ ಮಾತನ್ನು ಅವಳು ಆಡಲಿಲ್ಲ. ಆಡಬೇಕಿರಲಿಲ್ಲ. ಅತ್ತೆ ನೆಟ್ಟಗೆ ನಿಂತು ಗಡಿಗೆಯನ್ನು ನನ್ನ ಕಡೆ ಚಾಚಿದಳು. ಅವಳ ಮುಖದಲ್ಲಿ ಕೋಪ ಇದ್ದಿದ್ದರೆ ನಾನು ಏನಾದರೂ ಕೂಗಾಡುತ್ತಿದ್ದೆನೋ ಏನೋ. ಇರಲಿಲ್ಲ. ಆರತಿಯ ಹೊತ್ತಿಗೆ ಕೊಟ್ಟಿಗೆಯ ಕಡೆ ಸರಿಯುವಾಗ ಇರುತ್ತಿತ್ತಲ್ಲ, ಅದೇ ಮುಖ. ಒಂದು ಜೀವಮಾನ ಮಕ್ಕಳ ಮುಂದೆ ಗಂಟಲು ಹರಿದುಕೊಂಡವಳಿಗೆ ಅಂದು ಸ್ವರ ಹೊರಡಲಿಲ್ಲ. ಹೊರಡದಿದ್ದರೆ ಹೋಗಲಿ, ನನ್ನ ಕೈ ಮುಂದೆ ಹೋಯಿತು. ಇದನ್ನು ಬರೆಯದೆ ಬಿಟ್ಟರೆ ಉಳಿದದ್ದನ್ನು ಬರೆದೂ ಪ್ರಯೋಜನವಿಲ್ಲ. ಗಡಿಗೆ ತೆಗೆದುಕೊಳ್ಳಲು ನನ್ನ ಬಲಗೈ ಮುಂದೆ ಹೋಯಿತು.

ಅತ್ತೆ ಆ ಕೈ ನೋಡಿದಳು. ಗಡಿಗೆಯನ್ನು ಹಿಂದಕ್ಕೆ ಎಳೆದುಕೊಂಡು ತೊಟ್ಟಿಯ ಕಟ್ಟೆಯ ಮೇಲೆ ಕೂತಳು. "ತಗಂಬಾದಾದ್ರೆ ಇದು ಏನು ಅಂತ ನೋಡಿ ತಗಾ" ಎಂದಳು. ಕ್ಯಾಮೆರಾದವನಿಗೆ, "ನೀನು ಒಂದೀಟು ಆ ಕಡೆ ಹೋಗಪ್ಪ" ಎಂದಳು. ಅವನು ಹೋದ ಮೇಲೆ ದಾರದ ಗಂಟನ್ನು ಹಲ್ಲಿನಿಂದ ಸಡಿಲಿಸಿ, ಸುತ್ತು ಸುತ್ತಾಗಿ ಬಿಚ್ಚತೊಡಗಿದಳು. ದೊಡ್ಡಮ್ಮ "ಲೇ, ಬಿಚ್ಚಬಾರ್ದು!" ಎಂದು ಮುಂದೆ ಬರುವಷ್ಟರಲ್ಲಿ ದಾರ ನೆಲದಲ್ಲಿತ್ತು, ಹಿತ್ತಾಳೆ ಬಿಸಿಲಿಗೆ ಹೊಳೆಯಿತು.

"ನೋಡತ್ತಿಗೆ. ಭಿನ್ನ ಆಗಿರಾ ಗಡಿಗೆ."

ದೊಡ್ಡಮ್ಮ ಬಗ್ಗಿ ನೋಡಿದಳು. ಬಣ್ಣ ಇಳಿದ ಮುಖದಲ್ಲಿ, "ಯಾವಾಗ ಒಡೀತು?" ಎಂದಳು.

"ನೀನು ಈ ಮನೆಗೆ ಬರಾಕೆ ಮೊದ್ಲೇ. ನಿನ್ನ ಮದ್ವೆಗೂ ಅವ್ವ ಇದ್ರಾಗೇ ನೀರು ತಂದಿದ್ದು. ನಿನಗೆ ಐದು ಮಕ್ಕಳು. ಅಣ್ಣ ಇನ್ನೂ ಒಳಗೆ ಕುಂತು ಕಾಫಿ ಕುಡೀತಾನೆ. ನನ್ನ ಮದ್ವೆಗೂ ಇದ್ರಾಗೇ ತಂದಿದ್ದು. ಎಲ್ಲಾ ಒಂದೇ ನೀರು." ಅವಳ ಸ್ವರ ಏರಲಿಲ್ಲ. "ಈಗ ಹೇಳು. ಕೆರೆಗೆ ಬಿಟ್ಟು ಬರಾಣೋ, ಹೊರಾಣೋ? ಹೊರೋದಾದ್ರೆ ಯಾರು ಹೊರಬೇಕು?"

ದೊಡ್ಡಮ್ಮ ಒಂದೊಂದೇ ಮುಳ್ಳನ್ನು ಬೆರಳಿನಿಂದ ಮುಟ್ಟಿ ನೋಡಿದಳು, ಮೂರನ್ನೂ. ಓಣಿಯ ಕಡೆ ತಿರುಗಿ ಯಾರಾದರೂ ಬರುತ್ತಿದ್ದಾರೆಯೇ ಎಂದು ನೋಡಿದಳು. ಆಮೇಲೆ ಕಷ್ಟಪಟ್ಟು ಮಂಡಿ ಬಗ್ಗಿಸಿ ನೆಲದ ಮೇಲಿದ್ದ ದಾರ ಎತ್ತಿಕೊಂಡು, ಧೂಳು ಕೊಡವಿ, ಅತ್ತೆಯ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತು ಗಡಿಗೆಯ ಕೊರಳಿಗೆ ತಾನೇ ಸುತ್ತತೊಡಗಿದಳು. ಎಂಬತ್ತರ ಹತ್ತಿರದ ಕೈ, ಆದರೂ ಒಂದು ಸುತ್ತೂ ಸಡಿಲ ಬಿಡಲಿಲ್ಲ. "ಬಿಗಿಯಾಗಿ ಸುತ್ತಬೇಕು. ನಿಂಗೆ ಯಾವತ್ತು ಗಂಟು ಹಾಕಾಕೆ ಬಂದೈತೆ?" ಎಂದು ಬೈದಳು. ಸುತ್ತಿ ಮುಗಿಸಿ ಗಡಿಗೆಯನ್ನು ಅತ್ತೆಯ ಮಡಿಲಿಗೆ ತಳ್ಳಿದಳು. "ತುಂಬ್ಕ. ಹೊತ್ತಾತು."

ಅತ್ತೆ ನೀರು ತುಂಬಿ, ಎಡಸೊಂಟಕ್ಕೆ ಏರಿಸಿಕೊಂಡು ಮುಂದೆ ನಡೆದಳು. ಅವಳ ಹಿಂದೆಯೇ ದೊಡ್ಡಮ್ಮ, ನಾವೆಲ್ಲ ಅವರ ಹಿಂದೆ. ಬೀಗರು ಜಗುಲಿಯಲ್ಲಿ ಎದ್ದು ನಿಂತರು. ಅವರಿಗೆ ಕಂಡದ್ದು ಗಡಿಗೆ ಹೊತ್ತ ಒಬ್ಬ ಮುದುಕಿ, ಅಷ್ಟೇ. ಅತ್ತೆ ಹುಡುಗಿಯ ತಲೆಗೆ ನೀರು ಹಾಕಿದಳು, ಹುಡುಗಿ ಚಳಿಗೆ ಕಿರುಚಿದಳು, ಎಲ್ಲರೂ ನಕ್ಕರು.

ಆಮೇಲೆ ಅತ್ತೆ ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಅಡುಗೆಮನೆಯ ಹಿಂದೆ ಒಬ್ಬಳೇ ನಿಂತು ತನ್ನ ಎಡಸೊಂಟವನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಸೀರೆಯ ನೆರಿಗೆ ಹಿಡಿದು ಹಿಂಡುವಳು, ಮತ್ತೆ ಮುಟ್ಟುವಳು.

"ಸೋರಲಿಲ್ಲ ಕಣೇ" ಎಂದಳು. "ಒಣಗೇ ಐತೆ ನೋಡು."

ಅಷ್ಟು ಹೇಳಿ ಗೋಡೆಗೆ ಮುಖ ಮಾಡಿ ಅತ್ತಳು. ಅವಳು ಅತ್ತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಒದ್ದೆಯಾಗದ ಆ ಮಗ್ಗುಲಿನ ಮೇಲೆ ಕೈಯಿಟ್ಟು ನಿಂತೆ, ತೊಟ್ಟಿಯ ಹತ್ತಿರ ಮುಂದೆ ಹೋಗಿತ್ತಲ್ಲ, ಅದೇ ಕೈ. ಅವಳು ಅದನ್ನು ತೆಗೆಯಲಿಲ್ಲ.